ಸಂಜೆ ತರಗತಿ ಬೇಡವೆಂದು ಬರೆದವಳು

ಒಂದು ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ಕೇಂದ್ರದಲ್ಲಿ ನಾನು ಏಳು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂಬ ಮಾತು ಕೇಳಲು ಚೆನ್ನಾಗಿದೆ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಹೊಸದಾಗಿ ಸಂದರ್ಶನಕ್ಕೆ ಕೂರಬೇಕು, ರಜೆಯ ತಿಂಗಳುಗಳಲ್ಲಿ ಸಂಬಳ ಕೇಳಬಾರದು ಎಂಬುದು ಅದರ ಅರ್ಥ. ನನ್ನ ಮನೆ ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಒಂದೇ ಬಸ್ಸು.

ನಾನು ಸೇರಿದಾಗ ಕೇಂದ್ರದಲ್ಲಿ ಇಬ್ಬರು ಪ್ರಾಧ್ಯಾಪಕಿಯರಿದ್ದರು. ಒಬ್ಬರು ನಿವೃತ್ತರಾದರು, ಆ ಹುದ್ದೆಯನ್ನು ತುಂಬಲಿಲ್ಲ. ಮೂರು ವರ್ಷದ ನಂತರ ಇನ್ನೊಬ್ಬರೂ ನಿವೃತ್ತರಾದರು, ಆ ಹುದ್ದೆಯೂ ಹಾಗೇ ಉಳಿಯಿತು. ಬೇರೊಂದು ವಿಭಾಗದ ಮುಖ್ಯಸ್ಥರಿಗೆ ನಮ್ಮ ಕೇಂದ್ರವನ್ನು ಹೆಚ್ಚುವರಿಯಾಗಿ ವಹಿಸಿದರು. ಅವರು ಸಹಿ ಹಾಕುವುದಕ್ಕೆ ಮಾತ್ರ ಬರುತ್ತಿದ್ದರು. ಹಾಗಾಗಿ ಕೇಂದ್ರ ಎಂದರೆ ಕೊನೆಗೆ ಎರಡು ಕೋಣೆ, ಒಂದಿಷ್ಟು ಪುಸ್ತಕ ಮತ್ತು ನಾನು.

ನಮ್ಮಲ್ಲಿ ಒಂದು ವರ್ಷದ ಸಂಜೆ ಕೋರ್ಸ್ ಇತ್ತು. ವಾರಕ್ಕೆ ಮೂರು ದಿನ, ಐದೂವರೆಯಿಂದ ಏಳೂವರೆ. ಕೆಲಸಕ್ಕೆ ಹೋಗುವ, ಮನೆ ನೋಡಿಕೊಳ್ಳುವ ಹೆಂಗಸರಿಗಾಗಿ ಶುರು ಮಾಡಿದ್ದು. ಕಾನೂನು, ಇತಿಹಾಸ, ಆರೋಗ್ಯ, ಒಂದಷ್ಟು ಓದು-ಬರಹ. ಕೊನೆಯಲ್ಲಿ ಪರೀಕ್ಷೆ, ಒಂದು ಸರ್ಟಿಫಿಕೇಟ್. ನಾನು ಹೇಳುತ್ತಿರುವ ವರ್ಷ ಹದಿನಾಲ್ಕು ಜನರಿದ್ದರು. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದವರು, ಅಂಗನವಾಡಿ ಕಾರ್ಯಕರ್ತೆಯರು, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನವರು. ಅವರಲ್ಲಿ ಇಬ್ಬರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಒಬ್ಬಾಕೆ ಸುದ್ದಗುಂಟೆಪಾಳ್ಯದ ಹಳೆಯ ಮನೆತನವೊಂದರ ಸೊಸೆ. ರಾಗಿ ಬೆಳೆಯುತ್ತಿದ್ದ ಅವರ ಹೊಲ ಈಗ ನಾಲ್ಕಂತಸ್ತಿನ ಪಿ.ಜಿ. ಆಗಿತ್ತು. ಅಲ್ಲಿ ಇರುವ ಹುಡುಗಿಯರ ಊಟ, ತಿಂಡಿ, ಬಾಡಿಗೆ, ಜಗಳ ಎಲ್ಲವನ್ನೂ ಆಕೆಯೇ ನೋಡಿಕೊಳ್ಳುತ್ತಿದ್ದಳು. ಬಿ.ಎ. ಎರಡನೇ ವರ್ಷದಲ್ಲಿ ಮದುವೆಯಾಗಿ ಓದು ನಿಂತಿತ್ತು. ತರಗತಿಯಲ್ಲಿ ಎಲ್ಲರೂ ಆಕೆಯನ್ನು ಪಿ.ಜಿ. ಅಕ್ಕ ಎನ್ನುತ್ತಿದ್ದರು.

ಇನ್ನೊಬ್ಬಳು ಟ್ರಾನ್ಸ್ ಮಹಿಳೆ. ಬಿ.ಟಿ.ಎಂ. ಲೇಔಟ್‌ನ ಅಂಗಡಿಯೊಂದರಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಪ್ರವೇಶದ ಅರ್ಜಿಯಲ್ಲಿ ಅವಳು ‘ಸ್ತ್ರೀ’ ಎಂದು ಗುರುತು ಹಾಕಿದ್ದಕ್ಕೆ ಕಚೇರಿಯವರು ಎರಡು ಸಲ ವಾಪಸ್ ಕಳಿಸಿದ್ದರು. ಮೂರನೇ ಸಲ ನಾನೇ ಹೋಗಿ ಕೌಂಟರಿನ ಮುಂದೆ ನಿಂತೆ, ತೆಗೆದುಕೊಂಡರು. ಮೊದಲ ಎರಡು ವಾರ ಅವಳ ಪಕ್ಕ ಯಾರೂ ಕೂರಲಿಲ್ಲ. ಒಂದು ದಿನ ಅವಳು ಪಿ.ಜಿ. ಅಕ್ಕನಿಗೆ, “ಅಕ್ಕ, ನಿಮ್ ತೋಳು ಎತ್ತಕ್ಕೆ ಆಗ್ತಿಲ್ಲ, ಕಂಕುಳಲ್ಲಿ ಕಟಿಂಗ್ ತಪ್ಪಾಗಿದೆ. ಕೊಡಿ, ಸರಿ ಮಾಡ್ಕೊಡ್ತೀನಿ,” ಎಂದಳು. ಆ ಬ್ಲೌಸ್ ಸರಿಯಾಗಿ ಬಂತು. ತಿಂಗಳೊಳಗೆ ತರಗತಿಯ ಅರ್ಧ ಜನರ ಬ್ಲೌಸ್ ಅವಳ ಚೀಲದಲ್ಲಿ ಓಡಾಡುತ್ತಿದ್ದವು, ಅವಳು ಎಲ್ಲರಿಗೂ ಟೈಲರಮ್ಮ ಆದಳು. ಪಿ.ಜಿ. ಅಕ್ಕ, ಟೈಲರಮ್ಮ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ನೋಟ್ಸ್ ನೋಡಿ ಬರೆದುಕೊಳ್ಳುತ್ತಿದ್ದರು.

ದಸರಾ ರಜೆ ಮುಗಿದ ವಾರ ಕುಲಸಚಿವರು ನನ್ನನ್ನು ಕರೆಸಿದರು. ವಿಭಾಗದ ಮುಖ್ಯಸ್ಥರಿದ್ದೂ ಅತಿಥಿ ಉಪನ್ಯಾಸಕಿಯನ್ನು ಯಾಕೆ ಕರೆದರು ಎಂದು ಆಗ ನಾನು ಯೋಚಿಸಲಿಲ್ಲ, ಕರೆದರಲ್ಲ ಎಂದು ಒಳಗೊಳಗೇ ಸ್ವಲ್ಪ ಸಂತೋಷವೂ ಆಗಿತ್ತು. ಅವರು ಒರಟು ಮನುಷ್ಯರಲ್ಲ. ಕೂರಿಸಿ ಕಾಫಿ ತರಿಸಿದರು.

“ಮೇಡಂ, ತಪ್ಪು ತಿಳ್ಕೋಬೇಡಿ. ಈ ವರ್ಷ ಅನುದಾನ ಕಡಿಮೆ ಬಂದಿದೆ. ಎಲ್ಲಾ ಕಡೆ ಕಡಿತ ಮಾಡ್ತಿದೀವಿ, ನಿಮ್ಮದೊಂದೇ ಅಲ್ಲ,” ಎಂದರು. ನಂತರ ಒಂದು ನಮೂನೆಯನ್ನು ನನ್ನ ಮುಂದೆ ಇಟ್ಟರು. ಪ್ರವೇಶ ಎಷ್ಟು, ತೇರ್ಗಡೆ ಎಷ್ಟು, ಕೋರ್ಸಿನಿಂದ ಉದ್ಯೋಗ ಪಡೆದವರೆಷ್ಟು. ಕೊನೆಯಲ್ಲಿ ಶಿಫಾರಸು ಎಂದು ನಾಲ್ಕು ಗೆರೆಯಷ್ಟು ಜಾಗ.

“ಸಾರ್, ನಮ್ಮಲ್ಲಿ ಬರೋರು ಮುಕ್ಕಾಲು ಜನ ಆಗಲೇ ಕೆಲಸದಲ್ಲಿರ್ತಾರೆ. ಕೆಲಸ ಸಿಗಲಿ ಅಂತ ಬರೋ ಕೋರ್ಸ್ ಅಲ್ಲ ಇದು.”

“ಗೊತ್ತು. ಆದ್ರೆ ಕಲಂ ಇರೋದು ಹಾಗೆ, ನಾನೇನ್ ಮಾಡ್ಲಿ? ಸಂಜೆ ಕೋರ್ಸ್ ನಿಲ್ಲಿಸಬಹುದು ಅಂತ ನಿಮ್ಮ ಕೇಂದ್ರದಿಂದಲೇ ಶಿಫಾರಸು ಬಂದ್ರೆ ಸಮಿತಿಗೆ ಸುಲಭ. ಮುಂದೆ ಕೇಂದ್ರವನ್ನ ಬೇರೆ ವಿಭಾಗಕ್ಕೆ ಸೇರಿಸ್ತೀವಿ, ವಿಲೀನ ಆದಮೇಲೂ ನಿಮ್ಮ ವರ್ಕ್‌ಲೋಡ್ ಎಲ್ಲೂ ಹೋಗಲ್ಲ. ಅದನ್ನ ನಾನು ನೋಡ್ಕೋತೀನಿ.”

ಬೆದರಿಕೆ ಎಂದು ಕರೆಯುವಂಥ ಮಾತೇನೂ ಅದರಲ್ಲಿ ಇರಲಿಲ್ಲ. ಮನೆಗೆ ಬಂದು ಊಟದ ಟೇಬಲ್ಲಿನ ಮೇಲೆ ಆ ನಮೂನೆಯನ್ನು ಎರಡು ದಿನ ಇಟ್ಟುಕೊಂಡೆ. ಹಿಂದಿನ ವರ್ಷಗಳ ಹೆಂಗಸರು ಕೋರ್ಸ್ ಮುಗಿದ ಮೇಲೆ ಏನೇನು ಮಾಡಿದರು ಎಂಬುದು ನನಗೆ ಗೊತ್ತಿತ್ತು. ಫ್ಯಾಕ್ಟರಿಯಲ್ಲಿ ಮೈಗೆ ಕೈ ಹಾಕುತ್ತಿದ್ದ ಮ್ಯಾನೇಜರ್ ಮೇಲೆ ದೂರು ಬರೆದು ಕೊಟ್ಟವರಿದ್ದರು, ಮಗಳ ಮದುವೆಯನ್ನು ಎರಡು ವರ್ಷ ಮುಂದೆ ಹಾಕಿಸಿದವರಿದ್ದರು. ಇನ್ನೊಂದು ಹಾಳೆ ಸೇರಿಸಿ ಅದನ್ನೆಲ್ಲ ಬರೆಯಲು ಯಾರೂ ಅಡ್ಡಿ ಮಾಡುತ್ತಿರಲಿಲ್ಲ. ನಾನು ಬರೆಯಲಿಲ್ಲ. ಉದ್ಯೋಗದ ಕಲಂನಲ್ಲಿ ‘ಇಲ್ಲ’ ಎಂದು ಬರೆದೆ. ಶಿಫಾರಸಿನ ಜಾಗದಲ್ಲಿ ‘ಸಂಪನ್ಮೂಲದ ಮಿತಿಯ ಹಿನ್ನೆಲೆಯಲ್ಲಿ ಸಂಜೆ ಕೋರ್ಸನ್ನು ಸ್ಥಗಿತಗೊಳಿಸಬಹುದು’ ಎಂದು ಬರೆದು ಸಹಿ ಹಾಕಿದೆ. ಮುಂದಿನ ವರ್ಷದಿಂದ ನಿಲ್ಲಿಸುತ್ತಾರೆ, ಈ ಹದಿನಾಲ್ಕು ಜನರದ್ದು ಹೇಗೂ ಮುಗಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ನವೆಂಬರಿನಲ್ಲಿ ಸುತ್ತೋಲೆ ಬಂತು. ‘ತಕ್ಷಣದಿಂದ ಜಾರಿಗೆ’ ಎಂದಿತ್ತು.

ಅಂದು ಸಂಜೆ ತರಗತಿಯಲ್ಲಿ ಅದನ್ನು ಓದಿ ಹೇಳಿದೆ. ಪಿ.ಜಿ. ಅಕ್ಕ ಕೇಳಿದಳು, “ಅರ್ಧಕ್ಕೇ ಹೆಂಗೆ ನಿಲ್ಸ್ತಾರೆ ಮೇಡಂ? ಅಡ್ಮಿಷನ್ ಕೊಟ್ಟಿದ್ದು ಅವ್ರೇ ತಾನೆ?”

ಟೈಲರಮ್ಮ ನನ್ನನ್ನೇ ನೋಡುತ್ತ, “ಇದು ಬೇಡ ಅಂತ ಯಾರು ಹೇಳಿದ್ದು?” ಎಂದಳು.

“ಸಮಿತಿ,” ಎಂದೆ.

ಮರುವಾರ ಹೋದಾಗ ಕೋಣೆಗೆ ಬೇರೆ ಬೀಗ ಬಿದ್ದಿತ್ತು. ಕಂಪ್ಯೂಟರ್ ತರಬೇತಿಗೆ ಕೊಟ್ಟಿದ್ದಾರೆ ಎಂದು ಅಟೆಂಡರ್ ಹೇಳಿದರು. ನಮ್ಮ ಪುಸ್ತಕಗಳನ್ನು ಮೂಟೆ ಕಟ್ಟಿ ಮೆಟ್ಟಿಲ ಕೆಳಗೆ ಇಟ್ಟಿದ್ದರು.

ಪಿ.ಜಿ. ಅಕ್ಕ ಎರಡು ದಿನದ ನಂತರ ಫೋನ್ ಮಾಡಿದಳು. “ನಮ್ ಪಿ.ಜಿ.ಲಿ ಕೆಳಗಡೆ ಊಟದ ಹಾಲ್ ಇದೆಯಲ್ಲ ಮೇಡಂ, ಸಂಜೆ ಎಂಟು ಗಂಟೆವರ್ಗೂ ಖಾಲಿ. ಅಲ್ಲೇ ಕ್ಲಾಸ್ ಮಾಡಣ. ನೀವು ಬರ್ತೀರಾ?”

ನನಗೆ ಎಷ್ಟು ಹಗುರವಾಯಿತೆಂದರೆ, ಪಾಠ ನಡೆದರೆ ನಾನು ಬರೆದದ್ದು ಅಳಿಸಿಹೋಗುತ್ತದೆ ಎಂಬಂತೆ ಆಯಿತು. ತಕ್ಷಣ ಒಪ್ಪಿಕೊಂಡೆ. ಆಮೇಲೆ ಆಕೆ ದನಿ ತಗ್ಗಿಸಿದಳು. “ಒಂದೇ ಒಂದು ಮೇಡಂ. ಟೈಲರಮ್ಮ ಮಾತ್ರ ಬೇಡ. ನಂಗೇನಿಲ್ಲ, ನಿಮಗೇ ಗೊತ್ತು. ನಮ್ಮತ್ತೆ ಒಪ್ಪಲ್ಲ. ಮನೇಲಿ ದೇವರಿದೆ, ಬಾಡಿಗೆ ಹುಡುಗೀರು ಇದಾರೆ, ಅವರಪ್ಪ ಅಮ್ಮ ಏನಂತಾರೋ ಅಂತಾರೆ.”

“ಯೋಚ್ನೆ ಮಾಡಿ ಹೇಳ್ತೀನಿ,” ಎಂದೆ. ಇವತ್ತಿಗೂ ಆ ಉತ್ತರ ನೆನೆದರೆ ನನಗೆ ಸಂಕಟವಾಗುತ್ತದೆ. ಯೋಚನೆ ಮಾಡುವುದಕ್ಕೆ ಅದರಲ್ಲಿ ಏನಿತ್ತು?

ಮರುದಿನ ಟೈಲರಮ್ಮನ ಅಂಗಡಿಗೆ ಹೋದೆ. ಅಂಗಡಿ ಎಂದರೆ ಎರಡು ಮೆಷಿನ್ ಇಡುವಷ್ಟು ಜಾಗ. ಸ್ಟೂಲ್ ಕೊಟ್ಟಳು. ನಾನು ಸುತ್ತಿ ಬಳಸಿ ಮಾತು ಶುರು ಮಾಡಿದೆ. ಅವಳು ದಾರ ಕಚ್ಚಿ ತುಂಡು ಮಾಡಿ, “ನಾನು ಬೇಡ ಅಂದ್ರಾ?” ಎಂದಳು.

“ಅವಳು ಅನ್ಲಿಲ್ಲ. ಅವಳ ಅತ್ತೆ.”

“ನೀವೇನಂದ್ರಿ ಮೇಡಂ?”

“ಯೋಚ್ನೆ ಮಾಡ್ತೀನಿ ಅಂದೆ.”

ಅವಳು ತಲೆಯಾಡಿಸಿ ಮತ್ತೆ ಮೆಷಿನ್ ತುಳಿದಳು. ಒಂದು ತೋಳು ಮುಗಿಸಿ ಮಡಚಿಟ್ಟು ಹೇಳಿದಳು. “ಯೂನಿವರ್ಸಿಟಿ ಗೇಟಲ್ಲಿ ಐಡಿ ಕಾರ್ಡ್ ತೋರ್ಸಿದ್ರೆ ಸೆಕ್ಯೂರಿಟಿ ಬಿಡ್ತಿದ್ದ. ಅವನಿಗೆ ಮನಸ್ಸಿದ್ರೂ ಬಿಡ್ಬೇಕಿತ್ತು, ಇಲ್ದಿದ್ರೂ ಬಿಡ್ಬೇಕಿತ್ತು. ಮನೆಗಳಿಗೆ ಅಂಥಾ ಕಾರ್ಡ್ ಯಾರೂ ಕೊಡಲ್ಲ ಅಲ್ವಾ? ನೀವು ಹೋಗಿ ಪಾಠ ಮಾಡಿ ಮೇಡಂ. ನಂಗೆ ನೋಟ್ಸ್ ವಾಟ್ಸಾಪ್ ಮಾಡಿ.”

ಅಲ್ಲಿಂದ ಬಸ್ ಸ್ಟಾಪಿನವರೆಗೆ ನಡೆದು ಬರುತ್ತ ಮೊದಲ ಸಲ ಆ ಎರಡು ಕೋಣೆಗಳ ಬೆಲೆ ನನಗೆ ಅರ್ಥವಾಯಿತು. ಇಷ್ಟು ವರ್ಷ ಸಮಾನತೆ ಎಂದು ನಾನು ಪಾಠ ಮಾಡಿದ್ದೆ. ಆ ಹೆಂಗಸರು ಒಂದೇ ಬೆಂಚಿನಲ್ಲಿ ಕೂತದ್ದಕ್ಕೆ ನನ್ನ ಪಾಠವೇ ಕಾರಣ ಎಂದು ತಿಳಿದಿದ್ದೆ. ಅದು ಯಾರ ಮನೆಯೂ ಅಲ್ಲದ ಜಾಗವಾಗಿತ್ತು, ಅಲ್ಲಿ ಯಾರನ್ನೂ ಬೇಡ ಎನ್ನುವ ಹಕ್ಕು ಯಾರಿಗೂ ಇರಲಿಲ್ಲ. ಕಾರಣ ಅಷ್ಟೇ. ಒಳ್ಳೆಯತನ ಆಮೇಲೆ, ನಿಧಾನವಾಗಿ, ಬ್ಲೌಸಿನ ನೆಪದಲ್ಲಿ ಬಂದದ್ದು. ಅಂಥ ಜಾಗ ಹೋದರೆ ನಾವೆಲ್ಲ ಮತ್ತೆ ಯಾರದೋ ಅತ್ತೆಯ ಒಪ್ಪಿಗೆಗೆ ಕಾಯಬೇಕು.

ಸ್ಟಾಪಿನಲ್ಲೇ ನಿಂತು ಪಿ.ಜಿ. ಅಕ್ಕನಿಗೆ ಫೋನ್ ಮಾಡಿ, ಟೈಲರಮ್ಮ ಇಲ್ಲದೆ ನಾನು ಬರುವುದಿಲ್ಲ ಎಂದೆ. ಆಕೆ “ಸರಿ ಮೇಡಂ” ಎಂದು ಇಟ್ಟುಬಿಟ್ಟಳು. ನಾಲ್ಕು ದಿನ ಸುದ್ದಿಯಿಲ್ಲ. ಐದನೇ ದಿನ, “ಮಂಗಳವಾರ ಬನ್ನಿ. ಎಲ್ರೂ ಬನ್ನಿ,” ಎಂದು ಮೆಸೇಜ್ ಬಂತು. ನಡೆದದ್ದು ಆಮೇಲೆ ಗೊತ್ತಾಯಿತು. ಊಟದ ಹಾಲ್ ಯಾರದ್ದು ಎಂದು ಅತ್ತೆ ಕೇಳಿದ್ದಕ್ಕೆ ಆಕೆ, ಹಾಗಾದರೆ ನಾಳೆಯಿಂದ ಅಲ್ಲಿ ಬಡಿಸುವ ಅಡುಗೆಯನ್ನೂ ನೀವೇ ಮಾಡಿಸಿ ಎಂದು ಹೇಳಿ ಎರಡು ದಿನ ಮೇಲಿನ ಕೋಣೆಯಿಂದ ಇಳಿದಿರಲಿಲ್ಲ. ಅರವತ್ತು ಹುಡುಗಿಯರಿಗೆ ಹೋಟೆಲಿನಿಂದ ತಿಂಡಿ ತರಿಸಿದ ಮೇಲೆ ಅತ್ತೆ ಮಣಿದಿದ್ದರು.

ಸಾರಿನ ವಾಸನೆಯ ನಡುವೆ, ಉದ್ದದ ಸ್ಟೀಲ್ ಮೇಜುಗಳ ಸುತ್ತ ಪಾಠ ಶುರುವಾಯಿತು. ಅತ್ತೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತ ಕೂತರು. ಎಪ್ಪತ್ತರ ಆಸುಪಾಸು, ಗಟ್ಟಿ ಮೈ, ಟೈಲರಮ್ಮನ ಮೇಲಿಂದ ಕಣ್ಣು ತೆಗೆಯಲಿಲ್ಲ. ಕಾಫಿ ಬಂದಾಗ ಎಲ್ಲರಿಗೂ ಸ್ಟೀಲ್ ಲೋಟ, ಅವಳಿಗೊಬ್ಬಳಿಗೆ ಕಾಗದದ ಲೋಟ. ಅವಳು, “ನಾನು ಕಾಫಿ ಕುಡಿಯಲ್ಲ,” ಎಂದಳು. ಕ್ಯಾಂಟೀನಿನಲ್ಲಿ ಅವಳು ಎರಡೆರಡು ಕಾಫಿ ಕುಡಿಯುವುದನ್ನು ನಾವೆಲ್ಲ ನೋಡಿದ್ದೆವು. ಮುಂದಿನ ತರಗತಿಗೆ ಪಿ.ಜಿ. ಅಕ್ಕ ಎಲ್ಲರಿಗೂ ಕಾಗದದ ಲೋಟದಲ್ಲೇ ಕಾಫಿ ತಂದಳು. ಅತ್ತೆ, “ಇಷ್ಟೊಂದು ಲೋಟ ಯಾಕವ್ವ ದಂಡ,” ಎಂದು ಗೊಣಗಿದರು. ಆಕೆ ಲೋಟ ಹಂಚುತ್ತ ಹೋದಳು. ಅಂದು ಟೈಲರಮ್ಮ ಕಾಫಿ ಕುಡಿದಳು.

ಜನವರಿಯಲ್ಲಿ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಪಾಠ ಬಂತು. ತವರಿನ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಮಾತ್ರ ಅದು ಹೋಗುತ್ತದೆ ಎಂದು ವಿವರಿಸುತ್ತಿದ್ದೆ. ಬಾಗಿಲ ಹತ್ತಿರದಿಂದ ಅತ್ತೆ ಕೇಳಿದರು.

“ಸೀರೆ, ಅರಿಶ್ನ ಕುಂಕುಮ ಕೊಟ್ಟು ಒಂದ್ ಪತ್ರಕ್ಕೆ ಹೆಬ್ಬೆಟ್ಟು ಒತ್ತುಸ್ಕೋತಾರಲ್ಲ, ಅದೇನಾ?”

“ಅದೇ ಅಮ್ಮ.”

“ನಮ್ಮಪ್ಪನ ಹೊಲ ಲೇಔಟ್ ಮಾಡೋ ಕಾಲಕ್ಕೆ ನಮ್ಮಣ್ಣಂದ್ರು ಕರ್ಕೊಂಡೋದ್ರು. ಒತ್ತು ಅಂದ್ರು, ಒತ್ತಿದೆ. ಅದ್ರಲ್ಲಿ ಏನು ಬರ್ದೈತೆ ಅಂತ ಇವತ್ತಿಗೂ ಗೊತ್ತಿಲ್ಲ.”

ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಜೆರಾಕ್ಸ್ ಪ್ರತಿ ತಂದರು. ನಮ್ಮಲ್ಲಿ ಗಟ್ಟಿಯಾಗಿ, ತಡೆಯಿಲ್ಲದೆ ಕನ್ನಡ ಓದುವವಳು ಟೈಲರಮ್ಮನೇ. ಎಲ್ಲರೂ ಅವಳನ್ನೇ ನೋಡಿದರು. ಅತ್ತೆ ಒಂದು ಕ್ಷಣ ತಡೆದು, ಆಮೇಲೆ ಪತ್ರವನ್ನು ಅವಳ ಕೈಗೇ ಕೊಟ್ಟರು. ಅವಳು ಓದುತ್ತ ಹೋದಳು. ‘ನಾನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ’ ಎಂಬಲ್ಲಿ ಅತ್ತೆ ಕೈ ಎತ್ತಿದರು.

“ಅದನ್ನ ಇನ್ನೊಂದ್ಸಲ ಓದು.”

ಅವಳು ಮತ್ತೆ ಓದಿದಳು. ಅತ್ತೆ, “ಹಂಗಂತ ನಾನು ಹೇಳೇ ಇಲ್ವಲ್ಲ,” ಎಂದರು. ಸಿಟ್ಟಿನಿಂದಲ್ಲ, ಯಾರೋ ತನ್ನ ಹೆಸರಿನಲ್ಲಿ ಮಾತಾಡಿದ್ದಾರೆ ಎಂಬ ಆಶ್ಚರ್ಯದಿಂದ.

ಆ ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ನನಗೆ ಅಕ್ಷರ ಬರುತ್ತಿತ್ತು, ಕಾನೂನು ಬರುತ್ತಿತ್ತು, ಆದರೂ ಬೇರೆಯವರಿಗೆ ಅನುಕೂಲವಾದ ವಾಕ್ಯವನ್ನು ನಾನೇ ಸ್ವಂತ ಕೈಯಿಂದ ಬರೆದು ಕೊಟ್ಟಿದ್ದೆ. ಪಾಠ ಮುಗಿಸಿ ಎಲ್ಲರೂ ಚೀಲ ತೆಗೆದುಕೊಳ್ಳುವಾಗ ಒಂದು ನಿಮಿಷ ನಿಲ್ಲಿ ಎಂದೆ. ಕೋರ್ಸ್ ನಿಲ್ಲಿಸಬಹುದು ಎಂದು ಶಿಫಾರಸು ಬರೆದವಳು ನಾನೇ ಎಂದು ಹೇಳಿದೆ. ಸಮಿತಿ ಎಂದು ಸುಳ್ಳು ಹೇಳಿದ್ದೆ ಎಂದೂ ಹೇಳಿದೆ.

ಪಿ.ಜಿ. ಅಕ್ಕ ಕೇಳಿದಳು, “ಬರೀದಿದ್ರೆ ನಿಮ್ ಕೆಲ್ಸ ಹೋಗ್ತಿತ್ತಾ?”

“ಗೊತ್ತಿಲ್ಲ. ಹೋಗಬಹುದು ಅಂತ ಭಯ ಇತ್ತು.”

ಗಾರ್ಮೆಂಟ್ಸ್‌ನ ಒಬ್ಬರು, “ನಮ್ಮನ್ನ ಒಂದು ಮಾತು ಕೇಳ್ಬೋದಿತ್ತು,” ಎಂದು ಹೊರಟುಹೋದರು. ಅವರು ಮತ್ತೆ ಬರಲಿಲ್ಲ. ನಾನು ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅಂದು ಉಳಿದವರು ಯಾರೂ ಹೊರಡಲಿಲ್ಲ.

ಟೈಲರಮ್ಮ ಚೀಲವನ್ನು ಕೆಳಗಿಟ್ಟು ಹೇಳಿದಳು. “ಮೇಡಂ, ಅದನ್ನ ಬರ್ದಿದ್ದು ನೀವೇ ಆದ್ರೆ ಇನ್ನೊಂದು ಬರ್ಯಕ್ಕೂ ನಿಮ್ಗೇ ಆಗುತ್ತಲ್ವಾ? ಬರೀರಿ. ಈ ಸಲ ನಮ್ಮನ್ನ ಕೇಳ್ಕೊಂಡು ಬರೀರಿ.”

ಹಾಗೆಯೇ ಮಾಡಿದೆವು. ಹದಿಮೂರು ಜನರೂ ತಮ್ಮ ತಮ್ಮ ಕೈಬರಹದಲ್ಲಿ ಒಂದೊಂದು ಪುಟ ಬರೆದರು. ಯಾಕೆ ಬಂದೆ, ಏನು ಕಲಿತೆ, ಅರ್ಧಕ್ಕೆ ನಿಂತರೆ ಏನು ಕಳೆದುಕೊಳ್ಳುತ್ತೇನೆ. ನಾನು ನನ್ನ ಮೊದಲ ವರದಿ ಅಪೂರ್ಣವೆಂದು, ಶಿಫಾರಸನ್ನು ಹಿಂತೆಗೆದುಕೊಳ್ಳುತ್ತಿದ್ದೇನೆಂದು ಬರೆದೆ. ಕುಲಸಚಿವರು ಎಲ್ಲವನ್ನೂ ಓದಿದರು. ಅರ್ಧ ಗಂಟೆಯಾದರೂ ಓದಿದರು ಎಂಬುದನ್ನು ನಾನು ಅವರ ಪರವಾಗಿ ಹೇಳಬೇಕು.

“ಮೂರು ತಿಂಗಳ ಹಿಂದೆ ನೀವೇ ಇದರ ಉಲ್ಟಾ ಬರೆದಿದ್ರಿ.”

“ಹೌದು ಸಾರ್. ಅದು ತಪ್ಪು.”

“ಇದನ್ನ ಫೈಲಿಗೆ ಹಾಕಿದ್ರೆ ನಿಮಗೇ ತೊಂದರೆ.”

“ಹಾಕಿ ಸಾರ್.”

ಕೋರ್ಸ್ ಮತ್ತೆ ಶುರುವಾಗಲಿಲ್ಲ. ಆದರೆ ‘ಈ ಬ್ಯಾಚಿಗೆ ಮಾತ್ರ’ ಎಂದು ಪರೀಕ್ಷೆಗೆ ಅನುಮತಿ ಕೊಟ್ಟರು. ಏಪ್ರಿಲ್‌ವರೆಗೆ ಆ ಊಟದ ಹಾಲ್‌ನಲ್ಲೇ ಪಾಠ ನಡೆಯಿತು. ಮೇ ತಿಂಗಳಲ್ಲಿ ಹದಿಮೂರು ಜನ ಪರೀಕ್ಷೆ ಬರೆದರು, ಹನ್ನೆರಡು ಜನ ಪಾಸಾದರು. ಟೈಲರಮ್ಮ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಳು. ಈಗ ಅವಳು ಜಯನಗರದ ಒಂದು ಸಂಜೆ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ, ಅಂಗಡಿಗೆ ಇನ್ನೊಂದು ಮೆಷಿನ್ ಹಾಕಿದ್ದಾಳೆ. ಅತ್ತೆ ಅಣ್ಣಂದಿರ ಮೇಲೆ ಕೇಸು ಹಾಕಲಿಲ್ಲ. “ಈ ವಯಸ್ಸಲ್ಲಿ ಕೋರ್ಟು ಕಚೇರಿ ಯಾಕೆ,” ಎಂದರು. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಂದ ಬಾಗಿನವನ್ನು ಮಾತ್ರ ಬಾಗಿಲಿನಿಂದಲೇ ವಾಪಸ್ ಕಳಿಸಿದರಂತೆ. ಅವರೂ ಟೈಲರಮ್ಮನೂ ಸ್ನೇಹಿತರಾದರು ಎಂದು ಬರೆಯಲು ನನಗೆ ಆಸೆ, ಆದರೆ ಹಾಗೇನೂ ಆಗಲಿಲ್ಲ. ಎದುರಿಗೆ ಸಿಕ್ಕರೆ “ಊಟ ಆಯ್ತಾ” ಎಂದು ಕೇಳುವಷ್ಟಕ್ಕೆ ನಿಂತಿತು.

ನನ್ನ ಕೇಂದ್ರ ಸಮಾಜಕಾರ್ಯ ವಿಭಾಗದೊಳಗೆ ಸೇರಿಹೋಯಿತು. ಮುಂದಿನ ವರ್ಷದ ಪಟ್ಟಿಯಲ್ಲಿ ನನಗೆ ವಾರಕ್ಕೆ ಹದಿನಾಲ್ಕು ಗಂಟೆಯ ಬದಲು ಮೂರು ಗಂಟೆ ಇತ್ತು. ಪತ್ರ ಬರೆದದ್ದಕ್ಕೇ ಹಾಗಾಯಿತೋ, ಬರೆಯದಿದ್ದರೂ ಆಗುತ್ತಿತ್ತೋ ತಿಳಿಯದು. ಉಳಿದ ದಿನಗಳಲ್ಲಿ ಜೆ.ಪಿ. ನಗರದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಲ್ಲಿ ಮಹಿಳಾ ಅಧ್ಯಯನ ಎಂದರೆ ಮಾರ್ಚ್ ತಿಂಗಳ ಒಂದು ದಿನದ ಕಾರ್ಯಕ್ರಮ, ರಂಗೋಲಿ ಸ್ಪರ್ಧೆ.

ಫೇಲಾದ ಒಬ್ಬಳು ಪಿ.ಜಿ. ಅಕ್ಕ. ಇತಿಹಾಸದ ಪತ್ರಿಕೆಯಲ್ಲಿ ನಾಲ್ಕು ಅಂಕ ಕಡಿಮೆ ಬಿದ್ದಿತ್ತು. ಮತ್ತೆ ಬರೆಯೋಣವೆಂದರೆ ಕೋರ್ಸೇ ಇಲ್ಲ, ಇಲ್ಲದ ಕೋರ್ಸಿಗೆ ಮರುಪರೀಕ್ಷೆಯೂ ಇಲ್ಲ ಎಂದು ಪರೀಕ್ಷಾ ವಿಭಾಗದವರು ಹೇಳಿಬಿಟ್ಟರು. ಆಕೆ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ. ತಿಂಗಳಿಗೊಮ್ಮೆ, ಪಿ.ಜಿ.ಯ ಮಧ್ಯಾಹ್ನದ ಕೆಲಸ ಮುಗಿಸಿ, ತಾನೇ ಬರೆದ ಅರ್ಜಿ ಹಿಡಿದು ಹೋಗುತ್ತಾಳೆ. ಕಳೆದ ತಿಂಗಳು ನಾನೂ ಜೊತೆಗೆ ಹೋಗಿದ್ದೆ. ಕುಲಸಚಿವರ ಬಾಗಿಲವರೆಗೆ ಬಂದ ಮೇಲೆ ಆಕೆ ನನ್ನ ತೋಳು ಹಿಡಿದು ನಿಲ್ಲಿಸಿ, “ನೀವು ಇಲ್ಲೇ ಕೂತಿರಿ ಮೇಡಂ. ನಾನೇ ಮಾತಾಡ್ತೀನಿ,” ಎಂದಳು.

ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಯಾವ ಕೋರ್ಸ್, ಯಾವ ವರ್ಷ ಎಂದು ಒಳಗಿನಿಂದ ಯಾರೋ ಕೇಳುತ್ತಿದ್ದರು. ಆಕೆ ಮೊದಲಿನಿಂದ ಹೇಳಲು ಶುರು ಮಾಡಿದಳು.